ಪತ್ತಿನ ಸಂಘದ ನಿರ್ದೇಶಕರಿಗೆ ದುಡ್ಡು ಕೊಡಬೇಕಾ? ಮಹಾಸಭೆಗೆ ಮುಂಚೆ ನಿಮ್ಮ ಅಭಿಪ್ರಾಯ ಬೇಕು

ಹಾವೇರಿ ಸದಸ್ಯ

ಎಲ್ಲರಿಗೂ ನಮಸ್ಕಾರ. ನಮ್ಮ ಊರಿನ ಪತ್ತಿನ ಸಹಕಾರ ಸಂಘದ ಮಹಾಸಭೆ ನೋಟಿಸ್ ಮನೆಗೆ ಬಂದಿದೆ. ಲಾಭ ವಿಲೇವಾರಿ, ಡಿವಿಡೆಂಡ್, ಮುಂದಿನ ಸಾಲಿನ ಮುಂಗಡ ಪತ್ರ, ಎಲ್ಲ ಎಂದಿನಂತೆ ಇದೆ. ಕೊನೆಯಲ್ಲಿ ಒಂದು ಹೊಸ ವಿಷಯ ಸೇರಿಸಿದ್ದಾರೆ. ನಿರ್ದೇಶಕರ ಸಿಟ್ಟಿಂಗ್ ಫೀ, ಅಂದರೆ ಒಂದು ಸಭೆಗೆ ಬಂದಿದ್ದಕ್ಕೆ ಕೊಡುವ ಭತ್ಯೆ, 500 ರೂಪಾಯಿಯಿಂದ 1,500ಕ್ಕೆ ಏರಿಸುವುದು. ಅಧ್ಯಕ್ಷರಿಗೆ ತಿಂಗಳಿಗೆ 12,000 ರೂಪಾಯಿ ಗೌರವಧನ ಕೊಡುವುದು.

ನಾನೇ ಕೂತು ಲೆಕ್ಕ ಹಾಕಿದೆ. ಮಂಡಳಿಯಲ್ಲಿ 15 ಜನ. ತಿಂಗಳಿಗೊಂದು ಸಭೆ ಅಂದರೆ ಈಗ ವರ್ಷಕ್ಕೆ 90,000 ಆಗುತ್ತದೆ. ಹೊಸ ದರದಲ್ಲಿ 2,70,000. ಅಧ್ಯಕ್ಷರ ಗೌರವಧನ 1,44,000. ಒಟ್ಟು 4,14,000. ಕಳೆದ ಸಾಲಿನ ನಿವ್ವಳ ಲಾಭ 40 ಲಕ್ಷದ ಆಸುಪಾಸು. ಲಾಭದ ಹತ್ತರಲ್ಲಿ ಒಂದು ಭಾಗ ಮಂಡಳಿಗೇ ಹೋಯಿತು ಅಂದ ಹಾಗೆ.

ಊರಲ್ಲಿ ಎರಡು ಮಾತು ಕೇಳಿಬರುತ್ತಿದೆ. "ಸಹಕಾರ ಅಂದರೆ ಸೇವೆ, ಸೇವೆಗೆ ಕೂಲಿ ಕೇಳಬಾರದು" ಅಂತ ಹಿರಿಯರು. "ಕೋಟಿಗಟ್ಟಲೆ ಠೇವಣಿ ನೋಡಿಕೊಳ್ಳುವವರಿಗೆ ಪುಕ್ಕಟೆ ದುಡಿಯಿರಿ ಅಂದರೆ ಹೇಗೆ" ಅಂತ ಇನ್ನು ಕೆಲವರು. ನನ್ನ ಷೇರು, ನಮ್ಮ ಅವ್ವನ ಠೇವಣಿ ಎರಡೂ ಅಲ್ಲೇ ಇವೆ. ಸುಮ್ನೆ ಕೈ ಎತ್ತಿ ಬರಲು ಮನಸ್ಸಿಲ್ಲ. ಬೇರೆ ಊರಲ್ಲಿ, ಬೇರೆ ದೇಶದಲ್ಲಿ ಹೇಗಿದೆ? ಗೊತ್ತಿರುವವರು ದಯವಿಟ್ಟು ಬರೆಯಿರಿ.

ನಿವೃತ್ತ ಕಾರ್ಯದರ್ಶಿ, ಶಿರಸಿ

ಒಳ್ಳೆಯ ವಿಷಯ ತೆಗೆದಿರಿ. ಈ ಜಗಳ ಇವತ್ತಿನದಲ್ಲ, ಪತ್ತಿನ ಸಂಘಗಳು ಹುಟ್ಟಿದಾಗಿನಿಂದಲೂ ಇದೆ.

ಹತ್ತೊಂಬತ್ತನೇ ಶತಮಾನದ ಜರ್ಮನಿಯಲ್ಲಿ ಇಬ್ಬರು ದೊಡ್ಡವರಿದ್ದರು. ಒಬ್ಬರು ಶುಲ್ಝ್ ಡೆಲಿಚ್. ಪೇಟೆಯ ಕಸುಬುದಾರರು, ಸಣ್ಣ ವ್ಯಾಪಾರಿಗಳಿಗಾಗಿ 1850ರಲ್ಲಿ ಸಾಲ ಸಂಘ ಕಟ್ಟಿದವರು. ಇನ್ನೊಬ್ಬರು ರೈಫೈಸನ್. ಹಳ್ಳಿಯ ರೈತರ ಸಾಲದ ಕಷ್ಟ ನೋಡಿ 1860ರ ದಶಕದಲ್ಲಿ ಸಂಘ ಕಟ್ಟಿದವರು. ಆಡಳಿತ ಮಾಡುವವರಿಗೆ ಸಂಭಾವನೆ ಕೊಡಬೇಕು ಅನ್ನುವುದು ಶುಲ್ಝ್ ಅವರ ವಾದ. ರೈಫೈಸನ್ ಅದಕ್ಕೆ ಒಪ್ಪಲಿಲ್ಲ. ಅವರ ಸಂಘಗಳಲ್ಲಿ ಲೆಕ್ಕ ಬರೆಯುವವನಿಗೆ ಮಾತ್ರ ಸಂಬಳ. ಮಂಡಳಿಯವರದ್ದು ಗೌರವ ಸೇವೆ. ಯಾಕೆ ಅಂದರೆ ಅವರ ಸಂಘ ಒಂದೇ ಊರಿನದು. ಸಾಲ ಕೇಳುವವನ ಹೊಲ, ಮನೆ, ನಡತೆ ಎಲ್ಲ ಮಂಡಳಿಗೆ ಗೊತ್ತು. ಸಾಲ ಮುಳುಗಿದರೆ ಎಲ್ಲ ಸದಸ್ಯರೂ ತಮ್ಮ ಆಸ್ತಿಯಿಂದ ಕಟ್ಟಿಕೊಡಬೇಕು. ಜವಾಬ್ದಾರಿಗೆ ಮಿತಿಯೇ ಇರಲಿಲ್ಲ.

ನಮ್ಮ ದೇಶಕ್ಕೆ ಬಂದದ್ದು ಆ ಎರಡನೇ ದಾರಿ. ಮದ್ರಾಸ್ ಸರ್ಕಾರಕ್ಕೆ ವರದಿ ಕೊಟ್ಟ ಫ್ರೆಡರಿಕ್ ನಿಕಲ್ಸನ್ 1890ರ ದಶಕದಲ್ಲೇ ರೈಫೈಸನ್ ಮಾದರಿ ಬೇಕು ಎಂದಿದ್ದರು. 1904ರಲ್ಲಿ ಕಾಯ್ದೆ ಬಂತು. 1905ರಲ್ಲಿ ಗದಗ ತಾಲೂಕಿನ ಕಣಗಿನಹಾಳದಲ್ಲಿ ಸಿದ್ದನಗೌಡ ಪಾಟೀಲರು ಸಂಘ ಕಟ್ಟಿದರು. ಹಾವೇರಿಯಿಂದ ಏನು ದೂರ ಹೇಳಿ. ಆ ಸಂಘ ಕಟ್ಟಿದವರು ಸಿಟ್ಟಿಂಗ್ ಫೀಗಾಗಿ ಕೂತವರಲ್ಲ.

ಹಾಗಾಗಿ ಗೌರವಧನಕ್ಕೆ ನನ್ನ ವಿರೋಧವಿದೆ. ಬಸ್ ಚಾರ್ಜು, ಊಟ, ಒಂದಿಷ್ಟು ಭತ್ಯೆ ಸರಿ. ತಿಂಗಳ ಸಂಬಳ ಶುರುವಾದರೆ ಅಧ್ಯಕ್ಷರ ಕುರ್ಚಿ ನೌಕರಿಯಾಗುತ್ತದೆ. ಇನ್ನೊಂದು ಅನುಭವ ಹೇಳುತ್ತೇನೆ. ಫೀ ಏರಿದ ಕಡೆ ಸಭೆಗಳೂ ಏರುತ್ತವೆ. ಸಾಲ ಉಪಸಮಿತಿ, ವಸೂಲಿ ಉಪಸಮಿತಿ, ಕಟ್ಟಡ ಉಪಸಮಿತಿ, ಸಿಬ್ಬಂದಿ ಉಪಸಮಿತಿ. ಒಂದೇ ಮಧ್ಯಾಹ್ನ ಮೂರು ಸಭೆ, ಮೂರು ಫೀ. ನಡಾವಳಿ ಪುಸ್ತಕ ಬರೆದು ಬರೆದು ನನ್ನ ಕೈ ಸೋತಿತ್ತು.

ಬೆಂಗಳೂರು ಠೇವಣಿದಾರ

ಶಿರಸಿ ಸರ್, ಇತಿಹಾಸ ಸರಿ. ಆದರೆ ಆ ಕಾಲದ ಸಂಘ ಎಷ್ಟು ದೊಡ್ಡದಿತ್ತು? ಊರ ಜನ ಊರ ಜನಕ್ಕೇ ಸಾಲ ಕೊಡುತ್ತಿದ್ದರು. ಇವತ್ತು ಒಂದೊಂದು ಸಂಘಕ್ಕೆ ನಾಲ್ಕಾರು ಶಾಖೆ, ನೂರಾರು ಕೋಟಿ. ಸಾಲ ತಗೊಂಡವರ ಮುಖವನ್ನು ನಿರ್ದೇಶಕರು ನೋಡಿರುವುದಿಲ್ಲ.

ನನ್ನ ಸಿಟ್ಟು ಬೇರೆ. ಪುಕ್ಕಟೆ ಸೇವೆ ಅಂತ ಹೇಳುವವರು ಆ ಪುಕ್ಕಟೆ ಹುದ್ದೆಗೆ ಚುನಾವಣೆಯಲ್ಲಿ ಯಾಕೆ ಅಷ್ಟು ಖರ್ಚು ಮಾಡುತ್ತಾರೆ? ಅದಕ್ಕೆ ಉತ್ತರ ಸಿಕ್ಕರೆ ಅರ್ಧ ಚರ್ಚೆ ಮುಗಿಯುತ್ತದೆ.

ಲೆಕ್ಕಪರಿಶೋಧಕಿ, ಮೈಸೂರು

ಮೊದಲ ಪ್ರಶ್ನೆ: ನಿಮ್ಮ ಸಂಘ 1959ರ ಕರ್ನಾಟಕ ಸಹಕಾರ ಸಂಘಗಳ ಕಾಯ್ದೆಯಡಿ ಇದೆಯಾ, 1997ರ ಸೌಹಾರ್ದ ಕಾಯ್ದೆಯಡಿ ಇದೆಯಾ? ಎರಡು ಮೂರು ರಾಜ್ಯಗಳಲ್ಲಿ ಶಾಖೆ ಇದ್ದರೆ 2002ರ ಬಹುರಾಜ್ಯ ಕಾಯ್ದೆ ಬರುತ್ತದೆ. ಯಾವುದೇ ಇರಲಿ, ಮೊದಲು ಬೈಲಾ, ಅಂದರೆ ಸಂಘದ ಸ್ವಂತ ನಿಯಮಾವಳಿ, ತೆಗೆದು ನೋಡಿ. ಭತ್ಯೆ, ಗೌರವಧನದ ಬಗ್ಗೆ ಅಲ್ಲಿ ಏನಿದೆ? ಬೈಲಾದಲ್ಲಿ ಅವಕಾಶ ಇಲ್ಲದಿದ್ದರೆ ಬರೀ ಒಂದು ಠರಾವು ಮಾಡಿ ದುಡ್ಡು ಎಳೆಯಲು ಬರುವುದಿಲ್ಲ. ಮೊದಲು ಬೈಲಾ ತಿದ್ದುಪಡಿ ಆಗಬೇಕು, ಅದು ನೋಂದಣಿ ಆಗಬೇಕು. ಸಂಶಯ ಇದ್ದರೆ ಸಹಕಾರ ಇಲಾಖೆಯ ಸಹಾಯಕ ನಿಬಂಧಕರ ಕಚೇರಿಯಲ್ಲಿ ಕೇಳಿ.

ಎರಡನೆಯದು. ನೀವು ಸಿಟ್ಟಿಂಗ್ ಫೀ ಒಂದನ್ನೇ ಲೆಕ್ಕ ಹಾಕಿದ್ದೀರಿ. ಮಂಡಳಿಯ ಖರ್ಚು ಬೇರೆ ಬೇರೆ ಹೆಸರಲ್ಲಿ ಚದುರಿರುತ್ತದೆ. ಲಾಭ ನಷ್ಟದ ತಃಖ್ತೆ ಕೈಗೆತ್ತಿಕೊಂಡು ಈ ಸಾಲುಗಳನ್ನು ಹುಡುಕಿ: ಸಭಾ ಖರ್ಚು, ವಾಹನ ಮತ್ತು ಇಂಧನ, ಅಧ್ಯಯನ ಪ್ರವಾಸ, ಮೊಬೈಲ್ ವೆಚ್ಚ, ಉಡುಗೊರೆ, ಜಾಹೀರಾತು, ಇತರೆ. ಈ "ಇತರೆ" ಅನ್ನುವ ಸಾಲು ದೊಡ್ಡದಿದ್ದರೆ ಅದರ ವಿವರ ಕೇಳಿ. ಆಡಿಟ್‌ಗೆ ಕೂತಾಗ ನಾನು ಮೊದಲು ನೋಡುವುದೇ ಅದನ್ನು. ಸಿಟ್ಟಿಂಗ್ ಫೀ ತುಂಬ ಕಡಿಮೆ ಇರುವ ಸಂಘಗಳಲ್ಲಿ ಪ್ರವಾಸದ ಖರ್ಚು ಜಾಸ್ತಿ ಇರುವುದನ್ನು ನೋಡಿದ್ದೇನೆ. ಎಲ್ಲ ಕಡೆ ಹಾಗೆ ಅಂತ ಹೇಳುತ್ತಿಲ್ಲ, ನೋಡಿದ್ದನ್ನು ಹೇಳುತ್ತಿದ್ದೇನೆ.

ಮೂರನೆಯದನ್ನು ಯಾರೂ ಮಾತಾಡುವುದಿಲ್ಲ. 1959ರ ಕಾಯ್ದೆಯ 69ನೇ ಕಲಂ ಅಂತ ಒಂದಿದೆ, ಸರ್ಚಾರ್ಜ್. ನಿಯಮ ಮೀರಿ ಹಣ ಕೊಟ್ಟು ಅಥವಾ ನಿರ್ಲಕ್ಷ್ಯದಿಂದ ಸಂಘಕ್ಕೆ ನಷ್ಟ ಮಾಡಿದರೆ ಆ ನಿರ್ದೇಶಕರಿಂದಲೇ ವಸೂಲು ಮಾಡಲು ಆದೇಶ ಆಗಬಹುದು. ಸಭೆಗೆ ಬಂದು ಚಹಾ ಕುಡಿದು ಸಹಿ ಹಾಕಿದವರಿಗೂ ಅದು ತಟ್ಟುತ್ತದೆ. ಇಷ್ಟು ಭಾರ ಹೊರಿಸಿ 500 ರೂಪಾಯಿ ಕೊಡುವುದು ನ್ಯಾಯವಾ ಅನ್ನುವುದೂ ಯೋಚಿಸಬೇಕಾದ ಮಾತು.

ಹಾವೇರಿ ಸದಸ್ಯ

ಮೇಡಂ, ನಮ್ಮದು 1959ರ ಕಾಯ್ದೆಯ ಸಂಘ. ಬೈಲಾ ಪ್ರತಿ ಕೇಳಿದ್ದೇನೆ, ನಾಳೆ ಕೊಡುತ್ತೇವೆ ಅಂದಿದ್ದಾರೆ. ವಾಹನ, ಪ್ರವಾಸದ ಸಾಲುಗಳನ್ನು ನೋಡಿ ಬರೆಯುತ್ತೇನೆ.

ನಿರ್ದೇಶಕಿ, ತುಮಕೂರು ಜಿಲ್ಲೆ

ನಾನು ಒಂದು ಪತ್ತಿನ ಸಂಘದಲ್ಲಿ ಮಹಿಳಾ ಮೀಸಲು ಸ್ಥಾನದಿಂದ ಆಯ್ಕೆಯಾದವಳು. ಮನೆಯಲ್ಲಿ ಹೊಲಿಗೆ ಕೆಲಸ ಮಾಡುತ್ತೇನೆ. ಇಲ್ಲಿ ಮಾತಾಡುತ್ತಿರುವ ಅಣ್ಣಂದಿರಿಗೆ ಒಂದು ವಿಷಯ ತಿಳಿಯಬೇಕು ಅಂತ ಬರೆಯುತ್ತಿದ್ದೇನೆ.

ಸಭೆ ಹನ್ನೊಂದಕ್ಕೆ ಅಂತ ನೋಟಿಸ್ ಕೊಡುತ್ತಾರೆ. ಕೋರಂ ಆಗುವಾಗ ಹನ್ನೆರಡೂವರೆ. ಮುಗಿಯುವಾಗ ಮೂರು. ಬಸ್ಸು ಹಿಡಿದು ಮನೆಗೆ ಬಂದರೆ ಸಂಜೆ. ಅವತ್ತಿನ ಹೊಲಿಗೆ ಹೋಯಿತು. ಮಕ್ಕಳು ಸ್ಕೂಲಿಂದ ಬರುವ ಹೊತ್ತಿಗೆ ಯಾರನ್ನಾದರೂ ಮನೆಯಲ್ಲಿರಿ ಅಂತ ಬೇಡಿಕೊಳ್ಳಬೇಕು. ನನಗೆ ಸಿಗುವ ಫೀಯಲ್ಲಿ ಅವತ್ತಿನ ದುಡಿಮೆ ಹುಟ್ಟುವುದಿಲ್ಲ. ಸಂಘದ ಕೆಲಸ ಬರೀ ಸಭೆಯಲ್ಲ. ಬಾಕಿದಾರರ ಮನೆಗೆ ವಸೂಲಿಗೆ ಹೋಗುವಾಗ ಹೆಂಗಸರ ಮನೆ ಅಂದರೆ ನನ್ನನ್ನೇ ಕರೆಯುತ್ತಾರೆ. ಅದಕ್ಕೆ ಯಾವ ಫೀಯೂ ಇಲ್ಲ.

ಸೇವೆ ಅಂತ ಹೇಳುವವರು ಯಾರು ನೋಡಿ. ಅಂಗಡಿ ಇದ್ದವರು, ತೋಟ ಇದ್ದವರು, ಪೆನ್ಷನ್ ಬರುವವರು. ಅವರು ಒಂದು ದಿನ ಬಿಟ್ಟರೆ ಒಲೆ ಆರುವುದಿಲ್ಲ. ಕೂಲಿ ಮಾಡುವವರಿಗೆ, ನಮ್ಮಂಥ ಹೆಂಗಸರಿಗೆ ಮೀಸಲು ಸ್ಥಾನ ಕೊಟ್ಟಿದ್ದಾರೆ. ಆದರೆ ಕೂಲಿ ಕಳೆದುಕೊಂಡು ಕೂರಬೇಕು ಅಂದರೆ ಎಷ್ಟು ಜನ ಕೂರುತ್ತಾರೆ? ಎರಡು ಸಭೆಗೆ ಬಂದು ಮೂರನೆಯದಕ್ಕೆ ನಡಾವಳಿ ಪುಸ್ತಕ ಮನೆಗೇ ಬರುತ್ತದೆ, ಸಹಿ ಹಾಕಿ ಅಂತ. ಅದು ಮೈಸೂರು ಮೇಡಂ ಹೇಳಿದ 69ನೇ ಕಲಮಿಗೆ ನೇರ ದಾರಿ.

ಹಾವೇರಿ ಅಣ್ಣ, ಫೀ 1,500 ಮಾಡುವುದಕ್ಕೆ ಕೈ ಎತ್ತಿ. ಅಧ್ಯಕ್ಷರದ್ದು ನೀವು ಯೋಚಿಸಿ.

ಪಿಗ್ಮಿ ಸಂಗ್ರಾಹಕ, ದಾವಣಗೆರೆ

ಅಕ್ಕ ಹೇಳಿದ್ದು ಖರೆ. ಅದರ ಜೊತೆ ನಮ್ಮ ಮಾತೂ ಒಂದು ಕೇಳಿ. ದಿನಾ ಅಂಗಡಿ ಅಂಗಡಿ ಸುತ್ತಿ ದುಡ್ಡು ತರುವ ನಮಗೆ ಕಮಿಷನ್ ಬಿಟ್ಟರೆ ಏನೂ ಇಲ್ಲ. ಪೆಟ್ರೋಲ್ ನಮ್ಮದೇ. ಮಂಡಳಿಗೆ ಮೂರು ಪಟ್ಟು ಏರಿಸುವ ವರ್ಷ ಸಿಬ್ಬಂದಿಗೂ ಪಿಗ್ಮಿಯವರಿಗೂ ಏನು ಏರಿಸಿದಿರಿ ಅಂತ ಸಭೆಯಲ್ಲಿ ಯಾರಾದರೂ ಕೇಳಬೇಕು.

ಸ್ಯಾನ್ ಹೋಸೆ ಕನ್ನಡಿಗ

ಅಮೆರಿಕದ್ದು ಕೇಳಿದಿರಿ, ಹೇಳುತ್ತೇನೆ. ನಮ್ಮ ಪತ್ತಿನ ಸಂಘಕ್ಕೆ ಇಲ್ಲಿ ಕ್ರೆಡಿಟ್ ಯೂನಿಯನ್ ಅನ್ನುತ್ತಾರೆ. ಸದಸ್ಯರೇ ಮಾಲೀಕರು, ಒಬ್ಬರಿಗೆ ಒಂದೇ ವೋಟು.

ಇಲ್ಲಿ ಎರಡು ಬಗೆ ಇವೆ. ಒಂದು ಕೇಂದ್ರದ ಪರವಾನಗಿ ಇರುವವು, ಇವು 1934ರ ಫೆಡರಲ್ ಕ್ರೆಡಿಟ್ ಯೂನಿಯನ್ ಕಾಯ್ದೆಯಡಿ ಬರುತ್ತವೆ. ಈ ಕಾಯ್ದೆ ಪ್ರಕಾರ ನಿರ್ದೇಶಕರಿಗೆ ನಿರ್ದೇಶಕರು ಅನ್ನುವ ಕಾರಣಕ್ಕೆ ಸಂಭಾವನೆ ಕೊಡುವಂತಿಲ್ಲ. ಖರ್ಚು ಮಾಡಿದ್ದನ್ನು ವಾಪಸ್ ಕೊಡಬಹುದು, ಆರೋಗ್ಯ ಮತ್ತು ಅಪಘಾತ ವಿಮೆ ಮಾಡಿಸಬಹುದು. ಮಂಡಳಿಯ ಪದಾಧಿಕಾರಿಗಳಲ್ಲಿ ಒಬ್ಬರಿಗೆ ಮಾತ್ರ ಸಂಬಳ ಕೊಡಲು ಅವಕಾಶ ಇದೆ. ರೈಫೈಸನ್ ಅವರ ಲೆಕ್ಕಿಗನ ನೆನಪಾಗುತ್ತದೆ, ಅಲ್ವಾ? ಇನ್ನೊಂದು ಬಗೆ ರಾಜ್ಯಗಳ ಪರವಾನಗಿ ಇರುವವು. ಅಲ್ಲಿ ಆಯಾ ರಾಜ್ಯದ ಕಾನೂನು. ಕೆಲವು ರಾಜ್ಯಗಳು ನಿರ್ದೇಶಕರಿಗೆ ಸಂಭಾವನೆ ಕೊಡಲು ಬಿಡುತ್ತವೆ.

ಇಲ್ಲಿ ಈ ವಿಷಯ ಇಷ್ಟು ಸೂಕ್ಷ್ಮ ಆಗಿರುವುದಕ್ಕೆ ತೆರಿಗೆಯೂ ಕಾರಣ. ಕ್ರೆಡಿಟ್ ಯೂನಿಯನ್‌ಗಳಿಗೆ ಕೇಂದ್ರದ ಆದಾಯ ತೆರಿಗೆ ಇಲ್ಲ. ಬ್ಯಾಂಕುಗಳಿಗೆ ಇದೆ. 1998ರಲ್ಲಿ ಅಮೆರಿಕದ ಸಂಸತ್ತು ಒಂದು ಕಾಯ್ದೆ ಮಾಡಿದಾಗ ಈ ವಿನಾಯಿತಿಯ ಕಾರಣಗಳನ್ನೂ ಬರೆದಿಟ್ಟಿತು. ಇವು ಸದಸ್ಯರ ಒಡೆತನದವು, ಲಾಭಕ್ಕಾಗಿ ಇರುವುದಲ್ಲ, ಸಾಮಾನ್ಯವಾಗಿ ಸ್ವಯಂಸೇವಕ ಮಂಡಳಿಗಳು ನಡೆಸುತ್ತವೆ ಅನ್ನುವುದು ಅದರಲ್ಲಿದೆ. ಹಾಗಾಗಿ ಮಂಡಳಿಗೆ ಸಂಬಳ ಕೊಡಿ ಅಂದ ಕೂಡಲೇ ಕೆಲವರಿಗೆ ಭಯ. ಸ್ವಯಂಸೇವೆ ಹೋದರೆ ತೆರಿಗೆ ವಿನಾಯಿತಿಗೂ ಕುತ್ತು ಬರುತ್ತದೆ ಅಂತ.

ಆದರೆ ಪುಕ್ಕಟೆ ಅಂದ ಮಾತ್ರಕ್ಕೆ ಕೆಲಸದಲ್ಲಿ ರಿಯಾಯಿತಿ ಇಲ್ಲ. ಇಲ್ಲಿನ ನಿಯಂತ್ರಕ ಸಂಸ್ಥೆ ಎನ್‌ಸಿಯುಎ 2011ರಿಂದ ಒಂದು ನಿಯಮ ಜಾರಿಗೆ ತಂದಿದೆ. ಕೇಂದ್ರ ಪರವಾನಗಿಯ ಸಂಘದಲ್ಲಿ ಆಯ್ಕೆಯಾದ ನಿರ್ದೇಶಕರು ಹೆಚ್ಚೆಂದರೆ ಆರು ತಿಂಗಳೊಳಗೆ ಹಣಕಾಸು, ಲೆಕ್ಕಪತ್ರದ ಮೂಲ ತಿಳಿವಳಿಕೆ ಪಡೆದಿರಬೇಕು. ಆಸ್ತಿ ಹೊಣೆ ಪಟ್ಟಿ ಓದಲು ಬರಬೇಕು, ಪ್ರಶ್ನೆ ಕೇಳಲು ಬರಬೇಕು.

ಒಂದು ವ್ಯತ್ಯಾಸ ನನ್ನನ್ನು ತುಂಬ ಕಾಡುತ್ತದೆ. ಇಲ್ಲಿ ಈ ಪುಕ್ಕಟೆ ಹುದ್ದೆಗೆ ಜನ ಸಿಗುವುದೇ ಕಷ್ಟ, ಎಷ್ಟೋ ಕಡೆ ಚುನಾವಣೆಗೆ ಎದುರಾಳಿಯೇ ಇರುವುದಿಲ್ಲ. ನಮ್ಮೂರಲ್ಲಿ ಪುಕ್ಕಟೆ ಹುದ್ದೆಗೆ ಇಷ್ಟೊಂದು ಪೈಪೋಟಿ. ಬೆಂಗಳೂರಿನವರು ಕೇಳಿದ ಪ್ರಶ್ನೆ ಸರಿಯಾಗಿಯೇ ಇದೆ.

ನಿವೃತ್ತ ಕಾರ್ಯದರ್ಶಿ, ಶಿರಸಿ

ಆ ಪೈಪೋಟಿಗೆ ಕಾರಣ ಒಂದೇ ಅಲ್ಲ. ಊರಲ್ಲಿ ಮರ್ಯಾದೆ ಒಂದು. ತಾಲೂಕು ರಾಜಕೀಯಕ್ಕೆ ಮೊದಲ ಮೆಟ್ಟಿಲು ಇನ್ನೊಂದು. ನಿಜವಾಗಿ ಸಂಘದ ಮೇಲೆ ಪ್ರೀತಿ ಇದ್ದು ನಿಲ್ಲುವವರೂ ಇದ್ದಾರೆ, ಅಂಥವರ ಕೈಕೆಳಗೆ ನಾನು ಕೆಲಸ ಮಾಡಿದ್ದೇನೆ. ನಾಲ್ಕನೆಯದು ಸಾಲ. ತನಗೆ, ತಮ್ಮನಿಗೆ, ಬೀಗರಿಗೆ ಸಾಲ. ಯಾರಿಗೆ ಸಾಲ ಕೊಡಬೇಕು, ಯಾರ ಮೇಲೆ ವಸೂಲಿ ದಾವೆ ಹಾಕಬೇಕು, ಯಾರನ್ನು ಕೆಲಸಕ್ಕೆ ತೆಗೆದುಕೊಳ್ಳಬೇಕು, ಈ ಮೂರು ಅಧಿಕಾರದ ಬೆಲೆಯ ಮುಂದೆ ಸಿಟ್ಟಿಂಗ್ ಫೀ ಏನೂ ಅಲ್ಲ. 1,500 ಕೊಟ್ಟರೆ ಆ ಆಸೆ ಹೋಗುತ್ತದೆ ಅಂತ ಯಾರಾದರೂ ಅಂದುಕೊಂಡಿದ್ದರೆ ನಾನು ಒಪ್ಪುವುದಿಲ್ಲ.

ತುಮಕೂರಿನ ತಂಗಿ ಹೇಳಿದ್ದನ್ನು ಮಾತ್ರ ಒಪ್ಪುತ್ತೇನೆ. ಕೂಲಿ ನಷ್ಟ ತುಂಬಿಕೊಡುವುದು ಸಂಬಳ ಅಲ್ಲ.

ಬೆಂಗಳೂರು ಠೇವಣಿದಾರ

ಆಸೆ ಹೋಗುವುದಿಲ್ಲ ಸರ್, ಒಪ್ಪಿದೆ. ಆದರೆ ದುಡ್ಡು ಕೊಟ್ಟರೆ ಕೇಳುವ ಹಕ್ಕು ನಮಗೆ ಬರುತ್ತದೆ. ಇವತ್ತು ಏನಾದರೂ ಪ್ರಶ್ನೆ ಮಾಡಿದರೆ "ನಾವು ಪುಕ್ಕಟೆ ದುಡಿಯುತ್ತಿದ್ದೇವೆ, ನಿಮಗೆ ಬೇಕಿದ್ದರೆ ನೀವೇ ಬಂದು ಮಾಡಿ" ಅನ್ನುತ್ತಾರೆ. ಆ ಒಂದು ಮಾತಿಗೆ ಸಭೆಯೇ ಸುಮ್ಮನಾಗುತ್ತದೆ.

ಠೇವಣಿ ಇಟ್ಟವರಿಗೆ ಒಂದು ಮುಖ್ಯ ವಿಷಯ. ಬ್ಯಾಂಕು, ಸಹಕಾರಿ ಬ್ಯಾಂಕುಗಳಲ್ಲಿ 5 ಲಕ್ಷದವರೆಗೆ ಠೇವಣಿ ವಿಮೆ ಇದೆ. 2020ರಲ್ಲಿ ಅದನ್ನು 1 ಲಕ್ಷದಿಂದ ಏರಿಸಿದರು. ಪತ್ತಿನ ಸಹಕಾರ ಸಂಘಗಳಿಗೆ ಆ ವಿಮೆ ಇಲ್ಲವೇ ಇಲ್ಲ. 2021ರ ನವೆಂಬರ್‌ನಲ್ಲಿ ರಿಸರ್ವ್ ಬ್ಯಾಂಕ್ ಬಹಿರಂಗವಾಗಿಯೇ ಎಚ್ಚರಿಕೆ ಕೊಟ್ಟಿತ್ತು. ಹೆಸರಲ್ಲಿ ಬ್ಯಾಂಕ್ ಅಂತ ಹಾಕಿಕೊಳ್ಳುವ ಸಂಘಗಳನ್ನು ನಂಬಬೇಡಿ, ಅಲ್ಲಿನ ಠೇವಣಿಗೆ ವಿಮೆ ಇಲ್ಲ ಅಂತ. ಬೆಂಗಳೂರಿನ ಗುರು ರಾಘವೇಂದ್ರ ಸಹಕಾರ ಬ್ಯಾಂಕಿನ ಮೇಲೆ 2020ರ ಜನವರಿಯಲ್ಲಿ ನಿರ್ಬಂಧ ಬಂದಾಗ ಜನ ತೆಗೆಯಬಹುದಾಗಿದ್ದು 35,000 ಮಾತ್ರ. ಅಲ್ಲಿ ಕೊನೆಗೆ ವಿಮೆಯಾದರೂ ಇತ್ತು. ನಮ್ಮ ಪತ್ತಿನ ಸಂಘದಲ್ಲಿ ನಮ್ಮ ದುಡ್ಡಿಗೆ ಇರುವ ಕಾವಲು ಅಂದರೆ ಆ 15 ನಿರ್ದೇಶಕರು, ಒಬ್ಬ ಆಡಿಟರ್, ಸಹಕಾರ ಇಲಾಖೆ. ಅಷ್ಟೇ. ಆ ಕಾವಲಿಗೆ ನಾನು ದುಡ್ಡು ಕೊಡಲು ತಯಾರಿದ್ದೇನೆ. ಕಾವಲು ಕಾದರೆ ಮಾತ್ರ.

ಸ್ಯಾನ್ ಹೋಸೆ ಕನ್ನಡಿಗ

ಇದು ದೊಡ್ಡ ವ್ಯತ್ಯಾಸ. ಇಲ್ಲಿ ಕ್ರೆಡಿಟ್ ಯೂನಿಯನ್‌ನಲ್ಲಿ ಒಬ್ಬರಿಗೆ 2,50,000 ಡಾಲರ್‌ವರೆಗೆ ಸರ್ಕಾರದ ಬೆಂಬಲದ ವಿಮೆ ಇದೆ. ಬ್ಯಾಂಕಿನಷ್ಟೇ. ಪುಕ್ಕಟೆ ಮಂಡಳಿ ತಪ್ಪು ಮಾಡಿದರೂ ಸಣ್ಣ ಸದಸ್ಯರ ದುಡ್ಡು ಉಳಿಯುತ್ತದೆ. ಅಮೆರಿಕದಲ್ಲಿ ಪುಕ್ಕಟೆ ನಡೆಯುತ್ತದಲ್ಲ, ನಮ್ಮಲ್ಲೂ ನಡೆಯಲಿ ಅಂತ ಯಾರಾದರೂ ಸಭೆಯಲ್ಲಿ ಹೇಳಿದರೆ ಇದನ್ನು ನೆನಪಿಸಿ.

ಟೊರೊಂಟೊ ಗೃಹಿಣಿ

ಕೆನಡಾದ್ದೂ ಸ್ವಲ್ಪ ಸೇರಿಸುತ್ತೇನೆ. ಉತ್ತರ ಅಮೆರಿಕದಲ್ಲಿ ಈ ಬಗೆಯ ಸಂಘ ಶುರುವಾಗಿದ್ದೇ ಇಲ್ಲಿ, 1900ರಲ್ಲಿ ಕ್ವಿಬೆಕ್‌ನ ಲೆವಿ ಊರಿನಲ್ಲಿ ಅಲ್ಫೋನ್ಸ್ ಡೆಜಾರ್ಡಿನ್ ಅವರಿಂದ. ಈಗ ಇಲ್ಲಿ ನಿರ್ದೇಶಕರಿಗೆ ಸಂಭಾವನೆ ಕೊಡುವ ಸಂಘಗಳು ಇವೆ. ವ್ಯಾಂಕೂವರ್‌ನ ವ್ಯಾನ್‌ಸಿಟಿ ಅನ್ನುವ ದೊಡ್ಡ ಕ್ರೆಡಿಟ್ ಯೂನಿಯನ್ ಕೊಡುತ್ತದೆ, ಎಷ್ಟು ಕೊಟ್ಟೆವು ಅನ್ನುವುದನ್ನು ಸದಸ್ಯರಿಗೆ ತಿಳಿಸುತ್ತದೆ. ಕೊಡುವುದರ ಜೊತೆ ತೋರಿಸುವುದೂ ಇರಬೇಕು.

ಲೆಕ್ಕಪರಿಶೋಧಕಿ, ಮೈಸೂರು

ತೋರಿಸುವ ವಿಷಯ ಬಂತಲ್ಲ, ಅಲ್ಲೇ ಸ್ವಲ್ಪ ನಿಲ್ಲೋಣ. ಪಟ್ಟಣ ಸಹಕಾರಿ ಬ್ಯಾಂಕುಗಳಲ್ಲಿ ನಿರ್ದೇಶಕರಿಗೆ, ಅವರ ಸಂಬಂಧಿಕರಿಗೆ ಸಾಲ ಕೊಡುವುದನ್ನು ರಿಸರ್ವ್ ಬ್ಯಾಂಕ್ 2003ರಲ್ಲೇ ನಿಲ್ಲಿಸಿತು. ಅದಕ್ಕೆ ಎರಡು ವರ್ಷ ಮೊದಲು ಅಹಮದಾಬಾದಿನ ಮಾಧವಪುರ ಬ್ಯಾಂಕ್ ಬಿದ್ದು ದೇಶವೆಲ್ಲ ಗದ್ದಲ ಆಗಿತ್ತು. ಪತ್ತಿನ ಸಂಘಗಳು ರಿಸರ್ವ್ ಬ್ಯಾಂಕಿನ ಕೆಳಗೆ ಬರುವುದಿಲ್ಲ. ಇಲ್ಲಿ ನಿರ್ದೇಶಕರೂ ಸದಸ್ಯರೇ, ಸಾಲ ಪಡೆಯುತ್ತಾರೆ. ಅದು ತಪ್ಪಲ್ಲ. ಸದಸ್ಯರಿಗೆ ಸಾಲ ಕೊಡಲೆಂದೇ ಸಂಘ ಇರುವುದು. ಸುಸ್ತಿದಾರರಾದವರು, ಅಂದರೆ ಸಾಲದ ಕಂತು ಕಟ್ಟದೆ ಬಾಕಿ ಉಳಿಸಿಕೊಂಡವರು, ನಿರ್ದೇಶಕರಾಗಿ ಉಳಿಯುವಂತಿಲ್ಲ ಅಂತ ಕಾಯ್ದೆಯಲ್ಲೂ ಇದೆ.

ತೊಂದರೆ ಇರುವುದು ಆ ಸುಸ್ತಿಯನ್ನು ಕಾಣದ ಹಾಗೆ ಮಾಡುವುದರಲ್ಲಿ. ಮಾರ್ಚ್ ಕೊನೆಗೆ ಹಳೆ ಸಾಲ ತೀರಿತು ಅಂತ ತೋರಿಸಿ, ಅದೇ ವಾರ ಬಡ್ಡಿ ಸೇರಿಸಿ ಹೊಸ ಸಾಲ. ಬುಕ್ ಅಡ್ಜಸ್ಟ್‌ಮೆಂಟ್ ಅಂತ ಎಲ್ಲರಿಗೂ ಗೊತ್ತು. ಕಾಗದದ ಮೇಲೆ ಸುಸ್ತಿ ಸೊನ್ನೆ. ಬಡ್ಡಿ ಬಂದಿದೆ ಅಂತ ಲಾಭ ಏರುತ್ತದೆ. ಆ ಲಾಭದ ಮೇಲೆ ಡಿವಿಡೆಂಡ್ ಹಂಚುತ್ತಾರೆ, ಆ ಲಾಭ ತೋರಿಸಿ ಗೌರವಧನ ಕೇಳುತ್ತಾರೆ. ಹಾವೇರಿಯವರೇ, ನಿಮ್ಮ 40 ಲಕ್ಷದಲ್ಲಿ ನಿಜವಾಗಿ ಕೈಗೆ ಬಂದ ಬಡ್ಡಿ ಎಷ್ಟು, ಬರಬೇಕಾದ ಬಡ್ಡಿ ಎಷ್ಟು ಅಂತ ಆಡಿಟ್ ವರದಿಯಲ್ಲಿ ನೋಡಿ. ಗೌರವಧನದ ಪ್ರಶ್ನೆಗೆ ಹೋಗುವ ಮೊದಲು ಇದನ್ನು ಕೇಳಬೇಕು.

ಒಳ್ಳೆಯ ನಿರ್ದೇಶಕರು ಏನು ಮಾಡುತ್ತಾರೆ ಅಂತಲೂ ಹೇಳುತ್ತೇನೆ, ನೋಡಿದ್ದೇನೆ. ತಿಳಿಸದೆ ಬಂದು ನಗದು ಎಣಿಸುತ್ತಾರೆ. ಚಿನ್ನದ ಸಾಲದ ಪೊಟ್ಟಣಗಳಲ್ಲಿ ಕೆಲವನ್ನು ತಾವೇ ಆರಿಸಿ, ಬೇರೆ ಸರಾಫರಿಂದ ತೂಕ, ಗುಣಮಟ್ಟ ನೋಡಿಸುತ್ತಾರೆ. ಮಂಜೂರಾತಿಗೆ ಬಂದ ಸಾಲದ ಕಡತದಲ್ಲಿ ಜಾಮೀನುದಾರ ಇನ್ನೆಷ್ಟು ಜನಕ್ಕೆ ಜಾಮೀನು ನಿಂತಿದ್ದಾನೆ ಅಂತ ಕೇಳುತ್ತಾರೆ. ಆಡಿಟ್‌ನಲ್ಲಿ ಬಂದ ನ್ಯೂನತೆಗಳಿಗೆ ಅನುಪಾಲನಾ ವರದಿ ಹೋಯಿತಾ ಅಂತ ಬೆನ್ನು ಬೀಳುತ್ತಾರೆ. ಇಷ್ಟು ಮಾಡಿದರೆ ತಿಂಗಳಿಗೆ ಒಂದು ಮಧ್ಯಾಹ್ನ ಸಾಕಾಗುವುದಿಲ್ಲ. ಇಂಥವರಿಗೆ 1,500 ಏನೇನೂ ಅಲ್ಲ. ಬರೀ ಕೂತು ಎದ್ದು ಹೋಗುವವರಿಗೆ 500ಕೂಡ ದಂಡ.

ಪಿಗ್ಮಿ ಸಂಗ್ರಾಹಕ, ದಾವಣಗೆರೆ

ಮೇಡಂ, ಪೊಟ್ಟಣ ತೆರೆದು ನೋಡುವ ನಿರ್ದೇಶಕರನ್ನು ನಾನಂತೂ ಕಂಡಿಲ್ಲ. ಇದ್ದರೆ ನಾವೇ ಮನೆ ಮನೆಗೆ ಹೋಗಿ ಅವರಿಗೆ ವೋಟು ಕೇಳುತ್ತೇವೆ.

ಹಾವೇರಿ ಸದಸ್ಯ

ಬೈಲಾ ಸಿಕ್ಕಿತು. ಸಭಾ ಭತ್ಯೆಗೆ ಅವಕಾಶ ಇದೆ, ಮೊತ್ತವನ್ನು ಮಹಾಸಭೆ ನಿಗದಿ ಮಾಡಬೇಕು ಅಂತಿದೆ. ಗೌರವಧನದ ಬಗ್ಗೆ ಒಂದು ಸಾಲೂ ಇಲ್ಲ. ವಾಹನ ಮತ್ತು ಪ್ರವಾಸದ ಖರ್ಚು ಎರಡೂ ಸೇರಿದರೆ ಈಗ ಕೊಡುತ್ತಿರುವ ಸಿಟ್ಟಿಂಗ್ ಫೀಗಿಂತ ಜಾಸ್ತಿ. ಮೈಸೂರು ಮೇಡಂ, ನೀವು ಹೇಳದಿದ್ದರೆ ನಾನು ಆ ಪುಟ ತಿರುವುತ್ತಲೇ ಇರಲಿಲ್ಲ.

ಎಲ್ಲ ಓದಿ ನನ್ನ ಮನಸ್ಸಿಗೆ ಬಂದದ್ದು ಇಷ್ಟು. ಕೊಡೋಣ. ಆದರೆ ಎಲ್ಲರಿಗೂ ಕಾಣುವ ಹಾಗೆ ಕೊಡೋಣ, ಬಂದು ದುಡಿದವರಿಗೆ ಕೊಡೋಣ. ಸಭೆಯಲ್ಲಿ ಹೀಗೆ ತಿದ್ದುಪಡಿ ಮಂಡಿಸಬೇಕು ಅಂತ ಬರೆದುಕೊಂಡಿದ್ದೇನೆ:

"ಸಿಟ್ಟಿಂಗ್ ಫೀ 1,500 ಆಗಲಿ. ಸಭೆಗೆ ಪೂರ್ತಿ ಹಾಜರಿದ್ದವರಿಗೆ ಮಾತ್ರ. ಒಂದೇ ದಿನ ಎಷ್ಟು ಉಪಸಮಿತಿ ಸಭೆ ನಡೆದರೂ ಒಂದೇ ಫೀ. ಮಂಡಳಿಯ ಮೇಲಿನ ಒಟ್ಟು ಖರ್ಚಿಗೆ, ಪ್ರವಾಸ ಮತ್ತು ವಾಹನ ಸೇರಿಸಿ, ಮಹಾಸಭೆ ಪ್ರತಿ ವರ್ಷ ಒಂದು ಮಿತಿ ಹಾಕಲಿ. ಪ್ರತಿಯೊಬ್ಬ ನಿರ್ದೇಶಕರ ಹಾಜರಿ, ಪಡೆದ ಮೊತ್ತ, ಅವರ ಹೆಸರಲ್ಲಿ ಮತ್ತು ಕುಟುಂಬದವರ ಹೆಸರಲ್ಲಿ ಇರುವ ಸಾಲದ ಬಾಕಿ ವಾರ್ಷಿಕ ವರದಿಯಲ್ಲಿ ಅಚ್ಚಾಗಲಿ. ಅಧ್ಯಕ್ಷರ ಗೌರವಧನ ಬೈಲಾದಲ್ಲಿ ಇಲ್ಲದ ಕಾರಣ ಈ ಸಭೆಯಲ್ಲಿ ಬೇಡ."

ತಪ್ಪಿದ್ದರೆ ತಿದ್ದಿ.

ನಿವೃತ್ತ ಕಾರ್ಯದರ್ಶಿ, ಶಿರಸಿ

ಒಂದೇ ದಿನಕ್ಕೆ ಒಂದೇ ಫೀ ಅನ್ನುವ ಸಾಲು ನೋಡಿ ಬಹಳ ಸಂತೋಷವಾಯಿತು. ಇದನ್ನು ಬಿಟ್ಟುಕೊಡಬೇಡಿ. ಗೌರವಧನಕ್ಕೆ ಮುಂದಿನ ವರ್ಷ ಬೈಲಾ ತಿದ್ದುಪಡಿ ತಂದರೂ ನನ್ನ ವಿರೋಧ ಇದ್ದೇ ಇದೆ. ಉಳಿದದ್ದಕ್ಕೆ ನನ್ನ ಒಪ್ಪಿಗೆ ಇದೆ.

ಸ್ಯಾನ್ ಹೋಸೆ ಕನ್ನಡಿಗ

ತರಬೇತಿಯನ್ನು ಸೇರಿಸಿ. ಆಯ್ಕೆಯಾದ ಆರು ತಿಂಗಳೊಳಗೆ ಲೆಕ್ಕಪತ್ರ ಓದುವ ತರಬೇತಿ ಪಡೆಯದವರಿಗೆ ಏರಿಸಿದ ಫೀ ಇಲ್ಲ ಅಂತ ಹಾಕಿ. ಆ ತರಬೇತಿಯ ಖರ್ಚು ಸಂಘದ್ದೇ ಆಗಲಿ.

ನಿರ್ದೇಶಕಿ, ತುಮಕೂರು ಜಿಲ್ಲೆ

ಕುಟುಂಬದವರ ಸಾಲ ಹೆಸರು ಸಮೇತ ಅಚ್ಚು ಹಾಕಿದರೆ ಮನೆ ಮನೆಗಳಲ್ಲಿ ಜಗಳ ಆಗುತ್ತದೆ ಅಣ್ಣ. ನಮ್ಮ ನಾದಿನಿ ಗಂಡನಿಗೂ ತಿಳಿಸದೆ ಒಂದು ಸಣ್ಣ ಚಿನ್ನದ ಸಾಲ ತೆಗೆದಿರಬಹುದು. ಅದನ್ನು ಊರಿಗೆಲ್ಲ ಹೇಳುವುದು ಸರಿಯಲ್ಲ. ನಿರ್ದೇಶಕರ ಸಾಲ ಹೆಸರಿನ ಎದುರಿಗೆ ಇರಲಿ. ಕುಟುಂಬದವರದ್ದು ಆ ನಿರ್ದೇಶಕರ ಸಾಲಿನಲ್ಲೇ ಒಟ್ಟು ಮೊತ್ತ ಮಾತ್ರ ಇರಲಿ, ಅದರಲ್ಲಿ ಸುಸ್ತಿ ಎಷ್ಟು ಅಂತ ಪಕ್ಕದಲ್ಲಿ ಬರೆಯಲಿ.

ವಸೂಲಿಗೆ ಹೋದ ದಿನಕ್ಕೂ ಫೀ ಸೇರಿಸಿ. ಬಿಸಿಲಲ್ಲಿ ನಡೆಯುವವರಿಗೆ ಏನೂ ಇಲ್ಲ, ಫ್ಯಾನ್ ಕೆಳಗೆ ಕೂತವರಿಗೆ 1,500 ಅಂದರೆ ಯಾವ ನ್ಯಾಯ?

ಹಾವೇರಿ ಸದಸ್ಯ

ಅಕ್ಕ, ಎರಡೂ ಸೇರಿಸಿದೆ. ತರಬೇತಿಯ ಸಾಲೂ ಸೇರಿಸಿದೆ. ಸಿಬ್ಬಂದಿ ಮತ್ತು ಪಿಗ್ಮಿಯವರ ಪ್ರಶ್ನೆಯನ್ನು ಮುಂಗಡ ಪತ್ರದ ಚರ್ಚೆ ಬಂದಾಗ ಬೇರೆಯಾಗಿ ಎತ್ತುತ್ತೇನೆ. ಎರಡನ್ನೂ ಒಟ್ಟಿಗೆ ಹಾಕಿದರೆ ಎರಡೂ ಬೀಳಬಹುದು ಅಂತ ಒಬ್ಬ ಹಿರಿಯ ಸದಸ್ಯರು ಹೇಳಿದರು.

ಲೆಕ್ಕಪರಿಶೋಧಕಿ, ಮೈಸೂರು

ತಿದ್ದುಪಡಿಯನ್ನು ಬರೀ ಬಾಯಲ್ಲಿ ಹೇಳಬೇಡಿ. ಸಭೆಗೆ ಸಾಕಷ್ಟು ಮುಂಚೆ ಲಿಖಿತವಾಗಿ ಸಂಘದ ಕಚೇರಿಗೆ ಕೊಡಿ. ಇನ್ನೊಂದು ಪ್ರತಿಯ ಮೇಲೆ ಸೀಲು, ದಿನಾಂಕ, ಸಹಿ ಹಾಕಿಸಿಕೊಳ್ಳಿ. ಅನುಮೋದಿಸಲು ಇನ್ನೊಬ್ಬ ಸದಸ್ಯರನ್ನು ಈಗಲೇ ಮಾತಾಡಿಸಿ ಇಟ್ಟುಕೊಳ್ಳಿ. ವಿಷಯ ಬಂದಾಗ "ಎಲ್ಲರೂ ಒಪ್ಪಿದ್ದಾರೆ" ಅಂತ ಚಪ್ಪಾಳೆಯಲ್ಲಿ ಮುಗಿಸಲು ನೋಡುತ್ತಾರೆ, ಆಗ ಎದ್ದು ನಿಂತು ಮತಕ್ಕೆ ಹಾಕಿ ಅಂತ ಕೇಳಿ. ನಿಮ್ಮ ತಿದ್ದುಪಡಿ ಬಿದ್ದರೂ ಅದನ್ನು ಮಂಡಿಸಿದ್ದು, ಎಷ್ಟು ಜನ ಪರ, ಎಷ್ಟು ಜನ ವಿರೋಧ ಅನ್ನುವುದು ನಡಾವಳಿಯಲ್ಲಿ ದಾಖಲಾಗಬೇಕು. ನಡಾವಳಿಯ ಪ್ರತಿಗೂ ಅವತ್ತೇ ಅರ್ಜಿ ಕೊಡಿ.

ಹಾವೇರಿ ಸದಸ್ಯ

ಸೋಮವಾರ ಬೆಳಿಗ್ಗೆ ಕೊಡುತ್ತೇನೆ. ಅನುಮೋದಿಸಲು ಅವ್ವ ಒಪ್ಪಿದ್ದಾಳೆ. ಅವಳೂ ಸದಸ್ಯಳೇ.